ಪರಿಹಾರ ಘೋಷಣೆ ಆಗುವ ಮೊದಲೇ ಪಟ್ಟಿಗೆ ಸೇರಿಕೊಳ್ಳಿ

ತಿಪಟೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಆನ್‌ಲೈನ್ ಅರ್ಜಿಗಳನ್ನೂ ಹಾಕಿಕೊಡುತ್ತೇನೆ. ಕೊರೊನಾ ಬಂದ ಎರಡೂ ವರ್ಷ ನನ್ನ ಮುಂದೆ ಕೂತವರು ಆಟೋದವರು, ಕಟಿಂಗ್ ಶಾಪಿನವರು, ಇಸ್ತ್ರಿ ಅಂಗಡಿಯವರು, ಗಾರೆ ಕೆಲಸದವರು, ಹೂವು ಬೆಳೆದವರು. ಕೊನೆಕೊನೆಗೆ ಮನೆಯವರನ್ನೇ ಕಳೆದುಕೊಂಡವರೂ ಬಂದರು. ಇಷ್ಟು ಅರ್ಜಿ ಹಾಕಿದ ಮೇಲೆ ನನಗೆ ಗೊತ್ತಾದದ್ದು ಇಷ್ಟೇ. ಯಾರಿಗೆ ಕಷ್ಟ ಜಾಸ್ತಿ ಅಂತ ಸರ್ಕಾರದ ದುಡ್ಡು ಹುಡುಕಿಕೊಂಡು ಬರುವುದಿಲ್ಲ. ಯಾರ ಹೆಸರು ಮೊದಲೇ ಯಾವುದಾದರೂ ಪಟ್ಟಿಯಲ್ಲಿದೆಯೋ ಅವರ ಖಾತೆಗೆ ಬರುತ್ತದೆ. ನನಗಿದು ನ್ಯಾಯ ಅನ್ನಿಸುವುದಿಲ್ಲ. ಆದರೆ ಆಫೀಸುಗಳೆಲ್ಲ ಮುಚ್ಚಿರುವಾಗ ಸರ್ಕಾರದ ಕೈಯಲ್ಲಿರುವುದು ಹಳೇ ಪಟ್ಟಿಗಳು ಮಾತ್ರ.

2020ರ ಮೇ 6ರಂದು ಯಡಿಯೂರಪ್ಪನವರ ಸರ್ಕಾರ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿತು. ಕ್ಷೌರಿಕರು, ಮಡಿವಾಳರು, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000. ಮರುವರ್ಷ ಮೇ 19ರಂದು 1,250 ಕೋಟಿಯ ಇನ್ನೊಂದು ಪ್ಯಾಕೇಜ್ ಬಂತು. ಆಗ ಚಾಲಕರಿಗೆ 3,000, ಕಟ್ಟಡ ಕಾರ್ಮಿಕರಿಗೆ 3,000. ಟೈಲರ್, ಹಮಾಲಿ, ಮೆಕ್ಯಾನಿಕ್, ಕಮ್ಮಾರ, ಕುಂಬಾರ, ಅಕ್ಕಸಾಲಿಗ, ಚಮ್ಮಾರ, ಚಿಂದಿ ಆಯುವವರು, ಮನೆಗೆಲಸದವರು, ಕ್ಷೌರಿಕರು, ಮಡಿವಾಳರು ಇವರಿಗೆಲ್ಲ 2,000. ನಮ್ಮೂರಲ್ಲಿ ತೆಂಗಿನಕಾಯಿ ಸುಲಿದು ಬದುಕುವವರು ಎಷ್ಟೋ ಮಂದಿ. ಆ ಕಸುಬಿನ ಹೆಸರೇ ಪಟ್ಟಿಯಲ್ಲಿ ಇರಲಿಲ್ಲ. ಅದೇ ಮಂಡಿಯಲ್ಲಿ ಮೂಟೆ ಹೊರುವ ಹಮಾಲಿಗೆ ಅರ್ಜಿ ಹಾಕಬಹುದಿತ್ತು, ಪಕ್ಕದಲ್ಲಿ ಕೂತು ಕಾಯಿ ಸುಲಿಯುವವನಿಗೆ ಇಲ್ಲ.

ಆ ಯೋಜನೆಗಳೆಲ್ಲ ಈಗ ಮುಗಿದಿವೆ. ಮುಂದೆ ರೋಗವೋ ನೆರೆಯೋ ಬರವೋ ಏನೇ ಬಂದರೂ ದುಡ್ಡು ಹಂಚುವ ದಾರಿ ಇದೇ ಇರುತ್ತದೆ. ಹಾಗಾಗಿ ಈಗ ಬಿಡುವಿದ್ದಾಗ ಏನೇನು ಮಾಡಿಟ್ಟುಕೊಳ್ಳಬೇಕು ಅಂತ ಹೇಳುತ್ತೇನೆ.

ಮೊದಲು ಬ್ಯಾಂಕ್ ಖಾತೆ

"ನನ್ನ ಅಕೌಂಟಿಗೆ ಆಧಾರ್ ಲಿಂಕ್ ಆಗಿದೆ ಬಿಡಿ ಸಾರ್" ಅಂತ ಹತ್ತರಲ್ಲಿ ಒಂಬತ್ತು ಜನ ಹೇಳುತ್ತಾರೆ. ಯಾವ ಲಿಂಕ್ ಅಂತ ಕೇಳಿದರೆ ಗೊತ್ತಿರುವುದಿಲ್ಲ. ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಬ್ಯಾಂಕಿನವರು ಕೆವೈಸಿಗೆ, ಅಂದರೆ ಗ್ರಾಹಕರ ಗುರುತಿನ ದಾಖಲೆಗೆ ಅಂತ ಆಧಾರ್ ಜೆರಾಕ್ಸ್ ತಗೊಂಡು ತಮ್ಮ ಕಂಪ್ಯೂಟರಿಗೆ ನಂಬರ್ ಹಾಕಿಕೊಳ್ಳುವುದು ಒಂದು. ಎನ್‌ಪಿಸಿಐ ಅನ್ನುವ ಸಂಸ್ಥೆಯ ಪಟ್ಟಿಯಲ್ಲಿ ನಿಮ್ಮ ಆಧಾರ್ ನಂಬರಿನ ಎದುರಿಗೆ ಇಂಥ ಬ್ಯಾಂಕ್ ಅಂತ ಏರುವುದು ಇನ್ನೊಂದು. ಆಧಾರ್ ನಂಬರ್ ನೋಡಿ ನೇರವಾಗಿ ಖಾತೆಗೆ ಹಾಕುವ ಸರ್ಕಾರದ ದುಡ್ಡು (ಇದನ್ನೇ ಡಿಬಿಟಿ ಅನ್ನುವುದು) ಈ ಎರಡನೆಯದನ್ನು ನೋಡಿಕೊಂಡು ಬರುತ್ತದೆ. ನೀವು ಅರ್ಜಿಯಲ್ಲಿ ಬರೆದ ಅಕೌಂಟ್ ನಂಬರಿಗೂ ಅದಕ್ಕೂ ಸಂಬಂಧವೇ ಇಲ್ಲದಿರಬಹುದು.

ಒಂದು ಆಧಾರ್‌ಗೆ ಆ ಪಟ್ಟಿಯಲ್ಲಿ ಒಂದೇ ಬ್ಯಾಂಕ್. ಕೊನೆಗೆ ಯಾವ ಬ್ಯಾಂಕಿನಲ್ಲಿ ಒಪ್ಪಿಗೆ ಕೊಟ್ಟು ಜೋಡಿಸಿದಿರೋ ಅದಕ್ಕೇ ದುಡ್ಡು ಹೋಗುತ್ತದೆ. ಇಲ್ಲಿ ಆಗುವ ಎಡವಟ್ಟು ಅಷ್ಟಿಷ್ಟಲ್ಲ. ನಮ್ಮ ಕಡೆಯ ಒಬ್ಬ ಟೈಲರ್ ಅಕ್ಕ ದುಡ್ಡು ಬಂದಿಲ್ಲ ಅಂತ ತಿಂಗಳುಗಟ್ಟಲೆ ಓಡಾಡಿದರು. ನೋಡಿದರೆ ಯಾವುದೋ ಸಂಘದ ಸಾಲಕ್ಕೆ ಅಂತ ತೆರೆಸಿದ್ದ ಖಾತೆಗೆ ಬಂದು ಕೂತಿತ್ತು. ಆ ಪಾಸ್‌ಬುಕ್ ಎಲ್ಲಿದೆ ಅಂತಲೇ ಅವರಿಗೆ ಮರೆತುಹೋಗಿತ್ತು.

ನೋಡುವುದು ಸುಲಭ. ಮೈ ಆಧಾರ್ ಜಾಲತಾಣಕ್ಕೆ ಹೋಗಿ, ಆಧಾರ್ ನಂಬರ್ ಹಾಕಿ, ಮೊಬೈಲಿಗೆ ಬರುವ ಓಟಿಪಿ ಕೊಟ್ಟು ಒಳಗೆ ಹೋದರೆ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಅಂತ ಇರುತ್ತದೆ. ಅದರಲ್ಲಿ ಬ್ಯಾಂಕಿನ ಹೆಸರು ಬಂದು 'ಆಕ್ಟಿವ್' ಅಂತ ಇದ್ದರೆ ಸರಿ. ನೀವು ಬಳಸದ ಬ್ಯಾಂಕಿನ ಹೆಸರು ಬಂದರೆ, ಅಥವಾ ಏನೂ ಬರದಿದ್ದರೆ, ನಿಮಗೆ ಬೇಕಾದ ಬ್ಯಾಂಕಿಗೆ ಹೋಗಿ. ಅಲ್ಲಿ ಸುಮ್ನೆ "ಆಧಾರ್ ಲಿಂಕ್ ಮಾಡಿ" ಅನ್ನಬೇಡಿ. "ಕೆವೈಸಿ ಅಲ್ಲ, ಡಿಬಿಟಿಗೆ ಎನ್‌ಪಿಸಿಐ ಮ್ಯಾಪಿಂಗ್ ಮಾಡಿಕೊಡಿ" ಅಂತ ಹೇಳಿ ಒಪ್ಪಿಗೆ ಫಾರಂ ತುಂಬಿ. ಕೆಲವು ದಿನ ಬಿಟ್ಟು ಮತ್ತೆ ನೋಡಿ. "ಆಯ್ತು ಹೋಗಿ" ಅಂದ ಮಾತ್ರಕ್ಕೆ ಆಗಿರುತ್ತದೆ ಅಂತಲ್ಲ.

ಓಟಿಪಿ ಬರಬೇಕಾದರೆ ಆಧಾರ್‌ನಲ್ಲಿರುವ ಮೊಬೈಲ್ ನಂಬರ್ ಈಗ ಬಳಸುತ್ತಿರುವುದೇ ಆಗಿರಬೇಕು. ಊರಲ್ಲಿ ಸುಮಾರು ವಯಸ್ಸಾದವರ ಆಧಾರ್‌ನಲ್ಲಿ ಮಗನದ್ದೋ ಅಳಿಯನದ್ದೋ ಹಳೇ ನಂಬರ್ ಇರುತ್ತದೆ. ಅದನ್ನು ಆಧಾರ್ ಕೇಂದ್ರಕ್ಕೆ ಹೋಗಿ ಬದಲಿಸಿಕೊಳ್ಳಿ. ಲಾಕ್‌ಡೌನ್‌ನಲ್ಲಿ ಆ ಕೇಂದ್ರಗಳೇ ಮುಚ್ಚಿದ್ದವು, ಯಾರ ಹತ್ತಿರ ಹೋಗುವುದು ಹೇಳಿ.

ಗೃಹಲಕ್ಷ್ಮಿಯ 2,000 ಸರಿಯಾಗಿ ಬರುತ್ತಿದ್ದರೆ ಆ ಹೆಂಗಸಿನ ಖಾತೆಗೆ ತೊಂದರೆ ಇಲ್ಲ ಅಂತ ಅರ್ಥ. ಆದರೆ ಕಸುಬಿನ ಪರಿಹಾರ ಗಂಡನ ಹೆಸರಿಗೆ ಬರುವುದಾದರೆ ಅವನ ಖಾತೆಯನ್ನು ಬೇರೆಯಾಗಿ ನೋಡಬೇಕು. ಎರಡು ವರ್ಷ ನೀವಾಗಿ ಏನೂ ವ್ಯವಹಾರ ಮಾಡದಿದ್ದರೆ ಖಾತೆ ನಿಷ್ಕ್ರಿಯ ಆಗುತ್ತದೆ. ಆಗಾಗ ನೂರು ರೂಪಾಯಿಯಾದರೂ ಹಾಕಿ ತೆಗೆಯುತ್ತಿರಿ.

ಇನ್ನೊಂದು ಮಾತು. 2020ರ ಏಪ್ರಿಲ್‌ನಿಂದ ಜೂನ್‌ವರೆಗೆ ಕೇಂದ್ರ ಸರ್ಕಾರ ತಿಂಗಳಿಗೆ 500 ಹಾಕಿತು, ನೆನಪಿದೆಯಲ್ವಾ? ಬ್ಯಾಂಕಿನ ಮುಂದೆ ನೂಕುನುಗ್ಗಲು ಆಗದಿರಲಿ ಅಂತ ಮೊದಲ ಕಂತಿಗೆ ಖಾತೆಯ ಕೊನೆಯ ಅಂಕಿ ನೋಡಿ ದಿನ ಹಂಚಿದ್ದರು. ಅದು ಬಂದದ್ದು ಹೆಂಗಸರ ಜನ್ ಧನ್ ಖಾತೆಗೆ ಮಾತ್ರ. ಅದೇ ಬ್ಯಾಂಕಿನಲ್ಲಿ ಸಾಮಾನ್ಯ ಉಳಿತಾಯ ಖಾತೆ ಇದ್ದ ಬಡವಳಿಗೆ ಬರಲಿಲ್ಲ. "ಪಕ್ಕದ ಮನೆಯವಳಿಗೆ ಬಂತು, ನನಗ್ಯಾಕಿಲ್ಲ" ಅಂತ ಕೇಳಿದವರಿಗೆ ಹೇಳಲು ನನ್ನ ಹತ್ತಿರ ಬೇರೆ ಉತ್ತರ ಇರಲಿಲ್ಲ. ಖಾತೆ ಯಾವ ಬಗೆಯದು ಅನ್ನುವುದೂ ಒಂದು ಪಟ್ಟಿಯೇ.

ಹೆಸರು

ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಪಹಣಿ ಈ ನಾಲ್ಕರಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ. ನಮ್ಮಲ್ಲಿ ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ಲಕ್ಷ್ಮಮ್ಮ ಅನ್ನುವುದನ್ನು ಇಂಗ್ಲಿಷಿನಲ್ಲಿ ನಾಲ್ಕು ಥರ ಬರೆದವರಿದ್ದಾರೆ. ಆಧಾರ್‌ನಲ್ಲಿ ಇರುವುದನ್ನೇ ಸರಿ ಅಂತ ಇಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೊಂದಿಸಿ. ಉಲ್ಟಾ ಮಾಡಲು ಹೋಗಬೇಡಿ, ಜಾಸ್ತಿ ಓಡಾಟ.

ಕಸುಬಿನ ಪುರಾವೆ

2021ರಲ್ಲಿ ಅಸಂಘಟಿತ ಕೆಲಸಗಾರರ ಅರ್ಜಿಗೆ ಉದ್ಯೋಗ ಪ್ರಮಾಣ ಪತ್ರ ಕೇಳಿದ್ದರು. ಇವರು ಈ ಕಸುಬು ಮಾಡುತ್ತಾರೆ ಅಂತ ಅಧಿಕಾರಿಯ ಸಹಿ ಬೇಕು. ಆಫೀಸಿಗೆ ಹೋಗೋಣ ಅಂದರೆ ರಸ್ತೆಯಲ್ಲಿ ಪೊಲೀಸರು. ಮೂವತ್ತು ವರ್ಷದಿಂದ ಒಂದೇ ಬೀದಿಯಲ್ಲಿ ಇಸ್ತ್ರಿ ಮಾಡುತ್ತಿರುವವರು ತಾನು ಇಸ್ತ್ರಿ ಮಾಡುವವನು ಅಂತ ಸಾಬೀತು ಮಾಡಲು ಪರದಾಡಿದರು.

ಆಮೇಲೆ, 2021ರ ಆಗಸ್ಟ್ 26ಕ್ಕೆ, ಅಸಂಘಟಿತ ಕೆಲಸಗಾರರ ಹೆಸರು ಬರೆದುಕೊಳ್ಳುವ ಕೇಂದ್ರ ಸರ್ಕಾರದ ಇ-ಶ್ರಮ್ ಜಾಲತಾಣ ಬಂತು. 16ರಿಂದ 59 ವರ್ಷದ ಒಳಗಿನವರು, ಪಿಎಫ್, ಇಎಸ್‌ಐ ಇಲ್ಲದವರು, ಆದಾಯ ತೆರಿಗೆ ಕಟ್ಟದವರು ನೋಂದಣಿ ಮಾಡಿಸಬಹುದು. ದುಡ್ಡು ಕೊಡಬೇಕಿಲ್ಲ. ಅದರಲ್ಲಿ ಕಸುಬು ಆರಿಸುವ ಜಾಗದಲ್ಲಿ ಗಮನ ಕೊಡಿ. ಅವಸರದಲ್ಲಿ ಎಲ್ಲರಿಗೂ 'ಕೃಷಿ ಕಾರ್ಮಿಕ' ಅಂತ ಹಾಕಿ ಕೈತೊಳೆದುಕೊಂಡ ಅಂಗಡಿಗಳಿವೆ. ನೀವು ಟೈಲರ್ ಆಗಿದ್ದರೆ ಟೈಲರ್ ಅಂತಲೇ ಇರಬೇಕು. ಈಗಾಗಲೇ ಮಾಡಿಸಿದವರು ಕಾರ್ಡ್ ತೆಗೆದು ಒಮ್ಮೆ ಓದಿ.

ಕಟ್ಟಡ ಕೆಲಸದವರ ಲೇಬರ್ ಕಾರ್ಡ್ ಬೇರೆ. ಅದು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯದ್ದು. 18ರಿಂದ 60 ವರ್ಷದೊಳಗಿರಬೇಕು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಗಾರೆಯವರು, ಬಣ್ಣ ಬಳಿಯುವವರು, ಪ್ಲಂಬರ್, ಎಲೆಕ್ಟ್ರಿಷಿಯನ್, ಬಾರ್ ಬೆಂಡಿಂಗ್‌ನವರು ಎಲ್ಲರಿಗೂ ಸಿಗುತ್ತದೆ. 2020ರಲ್ಲಿ ಮೊದಲು 2,000, ಆಮೇಲೆ 3,000 ಈ ಪಟ್ಟಿ ನೋಡಿಯೇ ಹಾಕಿದರು. ಕಾರ್ಡ್ ಮಾಡಿಸಿ ಮನೆಯಲ್ಲಿ ಇಟ್ಟರೆ ಸಾಲದು, ಅವಧಿ ಮುಗಿಯುವ ಮೊದಲು ರಿನೀವಲ್ ಮಾಡಿಸಬೇಕು. ಕೆಲಸವೇ ಮಾಡದವರು ಕಾರ್ಡ್ ಮಾಡಿಸಿಕೊಂಡು, ನಿಜವಾಗಿ ಮೈಮುರಿದು ದುಡಿಯುವವರು ರಿನೀವಲ್ ಮರೆತು ಕೂತಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಆಟೋ, ಟ್ಯಾಕ್ಸಿಯವರಿಗೆ ಲೈಸೆನ್ಸ್ ನಂಬರ್ ಮತ್ತು ಗಾಡಿ ನಂಬರ್ ಮುಖ್ಯ. ಬಾಡಿಗೆ ಆಟೋ ಓಡಿಸುವವರು ಮಾಲೀಕರಿಂದ ಆರ್‌ಸಿ ಜೆರಾಕ್ಸ್ ಈಗಲೇ ತೆಗೆದಿಟ್ಟುಕೊಳ್ಳಿ. ಪರಿಹಾರ ಘೋಷಣೆ ಆದ ದಿನ ಕೇಳಿದರೆ ಕೆಲವು ಮಾಲೀಕರಿಗೆ ಆ ದುಡ್ಡು ತಮ್ಮದು ಅನ್ನಿಸಲು ಶುರುವಾಗುತ್ತದೆ.

ಬೀದಿ ವ್ಯಾಪಾರಿಗಳು ನಗರಸಭೆ ಅಥವಾ ಪುರಸಭೆಯ ಸಮೀಕ್ಷೆಯಲ್ಲಿ ಸೇರಿ ಗುರುತಿನ ಚೀಟಿ ತಗೊಳ್ಳಬೇಕು. ಬೀದಿ ವ್ಯಾಪಾರಿಗಳ 2014ರ ಕಾಯ್ದೆಯಲ್ಲಿ ಅದಕ್ಕೆ ಜಾಗ ಇದೆ. ಸಮೀಕ್ಷೆಯಲ್ಲಿ ಬಿಟ್ಟುಹೋದವರಿಗೆ ಶಿಫಾರಸು ಪತ್ರ ಅಂತ ಒಂದು ದಾರಿ ಇದೆ, ಅದನ್ನೂ ಅಲ್ಲೇ ಕೇಳಿ. ಆ ಚೀಟಿ ಇದ್ದವರಿಗೆ 2020ರ ಜೂನ್‌ನಲ್ಲಿ ಶುರುವಾದ ಪಿಎಂ ಸ್ವನಿಧಿಯಲ್ಲಿ ಅಡಮಾನ ಇಲ್ಲದೆ 10,000 ಸಾಲ ಸಿಕ್ಕಿತು. ಸರಿಯಾಗಿ ಕಟ್ಟಿದವರಿಗೆ 7% ಬಡ್ಡಿ ವಾಪಸ್. 2021ರಲ್ಲಿ ರಾಜ್ಯ ಸರ್ಕಾರ 2,000 ಹಾಕಿದ್ದೂ ಇದೇ ಯೋಜನೆಯಲ್ಲಿ ಹೆಸರಿದ್ದವರಿಗೆ. ಸಾಲಕ್ಕೆ ಅಂತ ಹೆಸರು ಕೊಟ್ಟದ್ದು ಪರಿಹಾರಕ್ಕೂ ಆಯಿತು. ಸ್ವನಿಧಿ ಸಾಲ ಮಾತ್ರ ಈಗಲೂ ನಡೆಯುತ್ತಿದೆ. 2025ರ ಆಗಸ್ಟ್‌ನಲ್ಲಿ ಇದನ್ನು 2030ರ ಮಾರ್ಚ್‌ವರೆಗೆ ಮುಂದುವರಿಸಿ ಮೊದಲ ಸಾಲವನ್ನು 15,000ಕ್ಕೆ, ಎರಡನೆಯದನ್ನು 25,000ಕ್ಕೆ ಏರಿಸಿದರು. ಮೂರನೆಯದು 50,000 ಇತ್ತು, ಹಾಗೇ ಇದೆ.

ಜಮೀನು ಇದ್ದವರು

2020ರಲ್ಲಿ ಹೂವಿನ ಬೆಳೆಗೆ ಹೆಕ್ಟೇರಿಗೆ 25,000, ಒಬ್ಬರಿಗೆ ಒಂದೇ ಹೆಕ್ಟೇರ್ ಮಿತಿ. ಹೆಕ್ಟೇರ್ ಅಂದರೆ ಹತ್ತಿರ ಹತ್ತಿರ ಎರಡೂವರೆ ಎಕರೆ. ಒಂದು ಎಕರೆ ಕನಕಾಂಬರ ಇದ್ದವರಿಗೆ ಸುಮಾರು 10,000 ಆಯಿತು. 2021ರಲ್ಲಿ ಹೆಕ್ಟೇರಿಗೆ 10,000 ಮಾತ್ರ, ಅಂದರೆ ಎಕರೆಗೆ ಸುಮಾರು 4,000. ಮೆಕ್ಕೆಜೋಳದವರಿಗೆ 2020ರಲ್ಲಿ 5,000 ಕೊಟ್ಟರು.

ಯಾರು ಏನು ಬೆಳೆದಿದ್ದಾರೆ ಅಂತ ಸರ್ಕಾರಕ್ಕೆ ಗೊತ್ತಾಗುವುದು ಬೆಳೆ ಸಮೀಕ್ಷೆಯಿಂದ. ಸಮೀಕ್ಷೆಯವರು ಬದುವಿನ ಮೇಲೆ ನಿಂತು 'ತೆಂಗು' ಅಂತ ಬರೆದುಕೊಂಡು ಹೋಗಿಬಿಟ್ಟರೆ, ತೆಂಗಿನ ನಡುವೆ ನೀವು ಹಾಕಿದ ಹೂವು ಕಾಗದದಲ್ಲಿ ಇಲ್ಲವೇ ಇಲ್ಲ. ನಮ್ಮ ತಾಲ್ಲೂಕಿನಲ್ಲಿ ಇದು ದೊಡ್ಡ ಸಮಸ್ಯೆ. 2020ರ ಮುಂಗಾರಿನಿಂದ ರೈತರೇ ಮೊಬೈಲಿನಲ್ಲಿ ಬೆಳೆಯ ಫೋಟೋ ತೆಗೆದು ಹಾಕುವ ಆ್ಯಪ್ ಬಂದಿದೆ. ಪ್ರತಿ ಹಂಗಾಮಿನಲ್ಲೂ ನೀವೇ ಮಾಡಿ. ಬರದಿದ್ದರೆ ಮನೆಯ ಹುಡುಗರ ಕೈಯಲ್ಲಿ ಮಾಡಿಸಿ. ಮಿಶ್ರ ಬೆಳೆ ಇದ್ದರೆ ಎರಡನ್ನೂ ಸೇರಿಸಿ.

ಫ್ರೂಟ್ಸ್ ಐಡಿ ಅಂದರೆ ಸರ್ಕಾರದ ಪಟ್ಟಿಯಲ್ಲಿ ರೈತನ ನೋಂದಣಿ ನಂಬರ್, ಅದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಕೊಡುತ್ತಾರೆ. ಅದರಲ್ಲಿ ನಿಮ್ಮ ಎಲ್ಲಾ ಸರ್ವೆ ನಂಬರ್ ಸೇರಿದೆಯಾ ನೋಡಿ. ಒಂದನ್ನು ಸೇರಿಸಿ ಮೂರನ್ನು ಬಿಟ್ಟಿರುವುದು ಬೇಕಾದಷ್ಟಿದೆ.

ಎಲ್ಲಕ್ಕಿಂತ ದೊಡ್ಡ ತೊಡಕು ಪಹಣಿ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೋ ತಾತನ ಹೆಸರಲ್ಲೋ ಇರುವುದು. ಉಳುವವನು ಮಗ, ದಾಖಲೆಯಲ್ಲಿ ತಾತ. ತಾತನಿಗೆ ಆಧಾರೂ ಇಲ್ಲ, ಖಾತೆಯೂ ಇಲ್ಲ. ದುಡ್ಡು ಯಾರಿಗೆ ಹಾಕುತ್ತಾರೆ? ಪೌತಿ ಖಾತೆಗೆ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಮರಣ ಪತ್ರ ಮತ್ತು ವಂಶವೃಕ್ಷ ಇಟ್ಟುಕೊಂಡು ಅರ್ಜಿ ಕೊಡಿ. ಅಣ್ಣತಮ್ಮಂದಿರಲ್ಲಿ ಭಾಗದ ಜಗಳ ಇದ್ದರೂ ಸದ್ಯಕ್ಕೆ ಜಮೀನಿನ ಖಾತೆಯನ್ನು ಎಲ್ಲರ ಹೆಸರಲ್ಲಿ ಜಂಟಿಯಾಗಿ ಮಾಡಿಸಿಕೊಳ್ಳಬಹುದು. ಜಗಳವನ್ನು ಆಮೇಲೆ ಆರಾಮಾಗಿ ಮುಂದುವರಿಸಿ.

ಅಂಗಡಿ, ಸಣ್ಣ ವ್ಯಾಪಾರ

ವ್ಯಾಪಾರಿಗಳಿಗೆ ಕೇಂದ್ರದಿಂದ ಸಿಕ್ಕಿದ್ದು ಹೆಚ್ಚಾಗಿ ಸಾಲದ ರೂಪದಲ್ಲೇ. 2020ರ ಮೇನಲ್ಲಿ 3 ಲಕ್ಷ ಕೋಟಿಯ ತುರ್ತು ಸಾಲ ಖಾತರಿ ಯೋಜನೆ ಬಂತು. ಫೆಬ್ರವರಿ 29ಕ್ಕೆ ಬ್ಯಾಂಕಿನಲ್ಲಿ ಎಷ್ಟು ಬಾಕಿ ಇತ್ತೋ ಅದರ 20% ಹೊಸ ಸಾಲ, ಅಡಮಾನ ಇಲ್ಲ, ಸರ್ಕಾರದ ಪೂರ್ತಿ ಖಾತರಿ. ಬ್ಯಾಂಕ್ ಬಡ್ಡಿ 9.25% ದಾಟುವಂತಿಲ್ಲ. ಮುದ್ರಾ ಸಾಲದವರೂ ಸೇರಿದ್ದರು. 2 ಲಕ್ಷ ಬಾಕಿ ಇದ್ದ ಅಂಗಡಿಗೆ 40,000 ಸಿಕ್ಕಿತು. ಬ್ಯಾಂಕಿನ ಮೆಟ್ಟಿಲು ಹತ್ತದೆ ಕೈಸಾಲ, ಚೀಟಿ, ದಿನದ ಬಡ್ಡಿಯಲ್ಲಿ ವ್ಯಾಪಾರ ಮಾಡಿದವರಿಗೆ ಸೊನ್ನೆ. ಬ್ಯಾಂಕಿನ ಲೆಕ್ಕದಲ್ಲಿ ಅವರು ವ್ಯಾಪಾರಿಗಳೇ ಅಲ್ಲ.

ಆದ್ದರಿಂದ ಸಣ್ಣ ಉದ್ದಿಮೆಗಳಿಗೆ ಇರುವ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿ. 2020ರ ಜುಲೈ 1ರಿಂದ ಇದೆ, ಪೂರ್ತಿ ಉಚಿತ, ಕಾಗದ ಅಪ್‌ಲೋಡ್ ಮಾಡುವುದೂ ಇಲ್ಲ. ದಿನಸಿ, ಬಟ್ಟೆ ಅಂಗಡಿಯಂಥ ಬರೀ ವ್ಯಾಪಾರದವರಿಗೂ 2021ರ ಜುಲೈನಿಂದ ಸಿಗುತ್ತಿದೆ. ಆದರೆ ಅವರಿಗೆ ಉಪಯೋಗ ಬ್ಯಾಂಕ್ ಸಾಲದ ಆದ್ಯತೆಗೆ ಮಾತ್ರ. ಇದಕ್ಕೆ ಸಾವಿರಾರು ರೂಪಾಯಿ ಕೇಳುವ ಜಾಲತಾಣಗಳಿವೆ, ಸರ್ಕಾರಿ ಲಾಂಛನದ ಥರದ್ದೇ ಚಿತ್ರ ಹಾಕಿಕೊಂಡಿರುತ್ತವೆ. ನಂಬಬೇಡಿ. ಮತ್ತೆ, ಕರೆಂಟ್ ಮೀಟರ್ ಯಾರ ಹೆಸರಲ್ಲಿದೆ ನೋಡಿ. 2021ರ ಮೇ, ಜೂನ್‌ನಲ್ಲಿ ಸಣ್ಣ ಕೈಗಾರಿಕೆಗಳ ವಿದ್ಯುತ್ ನಿಗದಿತ ಶುಲ್ಕ ಮನ್ನಾ ಆಗಿತ್ತು. ಇಂಥದ್ದು ಬಂದಾಗ ಮೊದಲು ನೋಡುವುದೇ ಬಿಲ್ಲು.

ಕಂತು ಮುಂದೂಡುವ ವಿಷಯದಲ್ಲಿ ಹುಷಾರಾಗಿರಿ. 2020ರ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಕಂತು ಕಟ್ಟದಿದ್ದರೂ ನಡೆಯುತ್ತದೆ ಅಂತ ರಿಸರ್ವ್ ಬ್ಯಾಂಕ್ ಬಿಟ್ಟಿತ್ತು. ತುಂಬಾ ಜನ ಅದನ್ನು ಮನ್ನಾ ಅಂದುಕೊಂಡರು. ಬಡ್ಡಿ ಓಡುತ್ತಲೇ ಇತ್ತು. 1 ಲಕ್ಷ ಬಾಕಿ, ವರ್ಷಕ್ಕೆ 12% ಬಡ್ಡಿ ಅಂದರೆ ಆರು ತಿಂಗಳಿಗೆ 6,000. ಬಡ್ಡಿಯ ಮೇಲಿನ ಬಡ್ಡಿಯನ್ನು ಮಾತ್ರ ಸರ್ಕಾರ ವಾಪಸ್ ಕೊಟ್ಟಿತು. ಈ ಲೆಕ್ಕದಲ್ಲಿ ಅದು ಸುಮಾರು 152 ರೂಪಾಯಿ. ಮುಂದೆ ಇಂಥದ್ದು ಬಂದರೆ ಕೈಯಲ್ಲಿ ಕಾಸಿದ್ದವರು ಕಟ್ಟಿಬಿಡುವುದೇ ಲೇಸು. ನಿಜವಾಗಿ ಆಗದವರು ಮಾತ್ರ ಮುಂದೂಡಲಿ.

ಪಿಎಫ್ ಇದ್ದವರು

ಪೀಣ್ಯ ಕಡೆ ಫ್ಯಾಕ್ಟರಿಗಳಲ್ಲಿದ್ದ ನಮ್ಮೂರ ಹುಡುಗರು ಊರಿಗೆ ಬಂದಾಗ ಕೈಹಿಡಿದದ್ದು ಪಿಎಫ್. ಮೂರು ತಿಂಗಳ ಬೇಸಿಕ್ ಸಂಬಳ ಮತ್ತು ಡಿಎ (ತುಟ್ಟಿಭತ್ಯೆ), ಅಥವಾ ಖಾತೆಯಲ್ಲಿರುವ ಹಣದ 75%, ಇವೆರಡರಲ್ಲಿ ಯಾವುದು ಕಮ್ಮಿಯೋ ಅಷ್ಟನ್ನು ತೆಗೆಯಬಹುದಿತ್ತು. ವಾಪಸ್ ಕಟ್ಟಬೇಕಿರಲಿಲ್ಲ. ಹುಟ್ಟಿದ ತಾರೀಕು ಆಧಾರ್‌ನಲ್ಲಿ ಒಂದು, ಪಿಎಫ್‌ನಲ್ಲಿ ಇನ್ನೊಂದು ಇದ್ದವರು ಮಾತ್ರ ಸಿಕ್ಕಿಹಾಕಿಕೊಂಡರು. ಕೆಲಸದಲ್ಲಿರುವಾಗಲೇ ಕೆವೈಸಿ ಸರಿಮಾಡಿಸಿ, ನಾಮಿನಿ ಹೆಸರು ಹಾಕಿ.

ಸಾವಾದ ಮನೆಯವರಿಗೆ

ಕೋವಿಡ್‌ನಿಂದ ತೀರಿಕೊಂಡವರ ಮನೆಗೆ ಸುಪ್ರೀಂ ಕೋರ್ಟ್ ಹೇಳಿದ ಮೇಲೆ 50,000 ನಿಗದಿಯಾಯಿತು. ದುಡಿಯುವವರನ್ನು ಕಳೆದುಕೊಂಡ ಬಿಪಿಎಲ್ ಮನೆಗಳಿಗೆ ಕರ್ನಾಟಕ 1 ಲಕ್ಷ ಘೋಷಿಸಿತು. ಪಾಸಿಟಿವ್ ಬಂದ 30 ದಿನದೊಳಗೆ ಆದ ಸಾವನ್ನು ಕೋವಿಡ್ ಸಾವು ಅಂತ ಲೆಕ್ಕ ಹಿಡಿದರು. ಮರಣ ಪತ್ರದಲ್ಲಿ ಕೋವಿಡ್ ಅಂತ ಬರೆದಿಲ್ಲ ಅನ್ನುವ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಅಂತಲೂ ಕೋರ್ಟ್ ಹೇಳಿತ್ತು. ಆದರೆ ಪರೀಕ್ಷೆಯ ಕಾಗದವೇ ಇಲ್ಲದವರು ಏನು ತೋರಿಸುವುದು? ಮನೆಯಲ್ಲೇ ಜ್ವರ ಬಂದು ಮನೆಯಲ್ಲೇ ಹೋದವರ ಕಡೆಯವರು ಬರಿಗೈಲಿ ಬಂದು ಕೂತದ್ದೇ ಜಾಸ್ತಿ. ಹಾಗಾಗಿ ಹೊಸ ಕಾಯಿಲೆ ಹಬ್ಬಿದ ಕಾಲದಲ್ಲಿ ಪರೀಕ್ಷೆಯ ರಿಪೋರ್ಟ್, ಮೊಬೈಲಿಗೆ ಬಂದ ಮೆಸೇಜ್, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಔಷಧಿ ಬಿಲ್ಲು ಒಂದನ್ನೂ ಬಿಸಾಡಬೇಡಿ. ಫೋಟೋ ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲಿ ಇಡಿ. ಸಾವನ್ನು 21 ದಿನದೊಳಗೆ ನೋಂದಾಯಿಸಿ.

ಇನ್ನೊಂದನ್ನು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ತೀರಿಹೋದವರ ಪಾಸ್‌ಬುಕ್ ಎಂಟ್ರಿ ಮಾಡಿಸಿ ಮೇ ತಿಂಗಳ ಕೊನೆಯ ಸಾಲುಗಳನ್ನು ನೋಡಿ. 436 ರೂಪಾಯಿ ಕಟ್ ಆಗಿದೆಯಾ? 2022ಕ್ಕೆ ಮೊದಲಾದರೆ 330? ಅದು ಪ್ರಧಾನ ಮಂತ್ರಿ ಜೀವನ ಜ್ಯೋತಿ ವಿಮೆ. ಯಾವ ಕಾಯಿಲೆಯಿಂದ ಸತ್ತರೂ ನಾಮಿನಿಗೆ 2 ಲಕ್ಷ. ಖಾತೆ ತೆರೆಯುವಾಗ ಸಹಿ ಹಾಕಿಸಿಕೊಂಡಿರುತ್ತಾರೆ, ಮನೆಯವರಿಗೆ ಗೊತ್ತೇ ಇರುವುದಿಲ್ಲ. ಪಿಎಫ್ ಇದ್ದು ಕೆಲಸದಲ್ಲಿರುವಾಗಲೇ ತೀರಿಕೊಂಡಿದ್ದರೆ ಇಡಿಎಲ್‌ಐ ವಿಮೆಯಲ್ಲಿ 7 ಲಕ್ಷದವರೆಗೆ ಸಿಗುತ್ತದೆ. ಅದನ್ನೂ ಕೇಳಿ.

ಅರ್ಜಿ ಹಾಕಲು ಬಂದಾಗ

ನಮ್ಮಂಥ ಅಂಗಡಿಗೆ ಬಂದಾಗ ಪರದೆಯನ್ನು ನಿಮ್ಮ ಕಡೆ ತಿರುಗಿಸಲು ಹೇಳಿ. ಹೆಸರು, ಮೊಬೈಲ್ ನಂಬರ್ ನೀವೇ ಓದಿ ನೋಡಿ. ಅಂಗಡಿಯವರು ತಮ್ಮದೇ ನಂಬರ್ ಹಾಕಿಬಿಟ್ಟರೆ ಮುಂದೆ ಬರುವ ಮೆಸೇಜೆಲ್ಲ ಅವರಿಗೇ ಹೋಗುತ್ತದೆ. ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಹಾಕುವ ಅರ್ಜಿಯಾದರೆ ಸ್ವೀಕೃತಿ ಚೀಟಿ ಪ್ರಿಂಟ್ ತಗೊಳ್ಳದೆ ಎದ್ದೇಳಬೇಡಿ. ಅದರ ನಂಬರ್ ಇದ್ದರೆ ಅರ್ಜಿ ಎಲ್ಲಿ ನಿಂತಿದೆ ಅಂತ ಮನೆಯಲ್ಲೇ ನೋಡಬಹುದು. ದುಡ್ಡು ಬಿದ್ದಿದೆಯಾ, ಯಾವ ಬ್ಯಾಂಕಿಗೆ ಬಿದ್ದಿದೆ ಅಂತ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಕಾಣುತ್ತದೆ. "ದುಡ್ಡು ಬಂದ ಮೇಲೆ ಇಷ್ಟು ಪರ್ಸೆಂಟ್ ಕೊಡಿ" ಅನ್ನುವವರ ಅಂಗಡಿಯಿಂದ ಎದ್ದು ಬನ್ನಿ. ಅರ್ಜಿ ಹಾಕಿದ್ದಕ್ಕೆ ಶುಲ್ಕ ಕೊಟ್ಟರೆ ಅಲ್ಲಿಗೆ ಮುಗಿಯಿತು.

ತಿರಸ್ಕಾರ ಆದರೆ ಕಾರಣ ಬರೆದಿರುತ್ತಾರೆ, ಅದನ್ನು ಓದಿಸಿಕೊಳ್ಳಿ. ಹೆಸರು ಹೊಂದಿಲ್ಲ, ಖಾತೆ ಸೀಡಿಂಗ್ ಆಗಿಲ್ಲ ಅಂತಿದ್ದರೆ ಸರಿಮಾಡಿ ಕೊನೆಯ ದಿನದೊಳಗೆ ಮತ್ತೆ ಹಾಕಬಹುದಾ ಕೇಳಿ. ಕೊನೆಯ ದಿನಕ್ಕೆ ಕಾಯಬೇಡಿ, ಅವತ್ತು ಸರ್ವರ್ ಕೈಕೊಡುತ್ತದೆ.